ಮ್ಯೂಸಿಯಂ ತನ್ನ ಮುದ್ರೆಯನ್ನೂ ಒತ್ತಲಿ

2023ರ ಮೇ ತಿಂಗಳಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ‘ಚೈನಾಸ್ ಹಿಡನ್ ಸೆಂಚುರಿ’ ಎಂಬ ದೊಡ್ಡ ಪ್ರದರ್ಶನವನ್ನು ತೆರೆಯಿತು. ಛಿಂಗ್ ಅರಸರ ಕೊನೆಯ ನೂರು ವರ್ಷಗಳ ಚೀನಾವನ್ನು, ಅಲ್ಲಿನ ಅರಮನೆಯಿಂದ ಹಿಡಿದು ಬೀದಿಯವರೆಗೆ, ತೋರಿಸುವುದು ಅದರ ಉದ್ದೇಶ. ಅದರ ಹಿಂದಿನ ಸಂಶೋಧನೆಯಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಭಾಗಿಯಾಗಿದ್ದರು. ಪ್ರದರ್ಶನದ ಒಂದು ಕಡೆ ಚಿಯು ಜಿನ್ ಇದ್ದಳು. ಕಾಲು ಕಟ್ಟುವ ಪದ್ಧತಿಯನ್ನು ಧಿಕ್ಕರಿಸಿದವಳು, ಜಪಾನಿಗೆ ಹೋಗಿ ಓದಿದವಳು, ಹೆಂಗಸರಿಗಾಗಿ ಪತ್ರಿಕೆ ನಡೆಸಿದವಳು, ರಾಜದ್ರೋಹದ ಆಪಾದನೆಯ ಮೇಲೆ 1907ರಲ್ಲಿ ತಲೆ ಕೊಟ್ಟವಳು. ಅವಳ ಕವಿತೆಗಳ ಇಂಗ್ಲಿಷ್ ಅನುವಾದವೂ ಅಲ್ಲಿತ್ತು. ಇಲ್ಲದೆ ಹೋದದ್ದು ಅನುವಾದಕರ ಹೆಸರು.

ಕೆನಡಾದ ವ್ಯಾಂಕೂವರ್‌ನಲ್ಲಿರುವ ಕವಿ, ಅನುವಾದಕ ಯಿಲಿನ್ ವಾಂಗ್ ಅವರಿಗೆ ಜೂನ್ ತಿಂಗಳಲ್ಲಿ ವಿಷಯ ತಿಳಿಯಿತು: ಅಲ್ಲಿರುವುದು ತನ್ನ ಅನುವಾದ. ಯಾರೂ ಅನುಮತಿ ಕೇಳಿರಲಿಲ್ಲ, ಹೆಸರು ಹಾಕಿರಲಿಲ್ಲ, ಸಂಭಾವನೆಯ ಮಾತೇ ಎತ್ತಿರಲಿಲ್ಲ. ವಾಂಗ್ ಸಾರ್ವಜನಿಕವಾಗಿ ಪ್ರಶ್ನಿಸಿದರು. ಮ್ಯೂಸಿಯಂ ಅದನ್ನು ಅಚಾತುರ್ಯ ಎಂದಿತು. ಆಮೇಲೆ ಏನು ಮಾಡಿತು ಗೊತ್ತೇ? ಅನುವಾದವನ್ನು ಪ್ರದರ್ಶನದಿಂದ ತೆಗೆದುಹಾಕಿತು, ಜೊತೆಗೆ ಚಿಯು ಜಿನ್‌ಳ ಮೂಲ ಕವಿತೆಗಳನ್ನೂ! ಹೆಸರು ಹಾಕಿ ಎಂದು ಕೇಳಿದ್ದಕ್ಕೆ ಕವಿತೆಯನ್ನೇ ಕಿತ್ತರು. ವಾಂಗ್ ಜನರಿಂದ ಹಣ ಕೂಡಿಸಿ ವಕೀಲರನ್ನು ಹಿಡಿಯಬೇಕಾಯಿತು. ಆಗಸ್ಟ್‌ನಲ್ಲಿ ರಾಜಿಯಾಯಿತು. ಹೆಸರು ಬಂತು, ಸಂಭಾವನೆ ಬಂತು, ಕವಿತೆಗಳೂ ಮರಳಿ ಬಂದವು. ಅನುವಾದಗಳಿಗೆ ಅನುಮತಿ ಪಡೆಯುವ ಬಗ್ಗೆ ತನ್ನಲ್ಲಿ ಪ್ರತ್ಯೇಕ ನಿಯಮವೇ ಇಲ್ಲವೆಂದು ಮ್ಯೂಸಿಯಂ ಆಗ ಒಪ್ಪಿಕೊಂಡಿತು. ಜಗತ್ತಿನ ಅಷ್ಟೊಂದು ಭಾಷೆಗಳ ವಸ್ತುಗಳನ್ನು ಇಟ್ಟುಕೊಂಡಿರುವ ಸಂಸ್ಥೆ 270 ವರ್ಷ ತುಂಬಿದ ಮೇಲೆ ಹೇಳಿದ ಮಾತಿದು.

ಅನುವಾದ ಅಧ್ಯಯನದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ಸುದ್ದಿ ಓದಿ ಸಿಟ್ಟು ಬಂತು, ಆಶ್ಚರ್ಯವಾಗಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಒಂದು ಸಾಹಿತ್ಯ ಕಾರ್ಯಕ್ರಮದಲ್ಲಿ ಕವಿತೆಗಳ ಪೋಸ್ಟರ್ ಪ್ರದರ್ಶನವಿತ್ತು. ಗೋಡೆಯ ಮೇಲೆ ನಾನು ಕನ್ನಡಕ್ಕೆ ತಂದ ಒಂದು ಕವಿತೆ. ಕೆಳಗೆ ಮೂಲ ಕವಿಯ ಹೆಸರು, ಅದರ ಕೆಳಗೆ ಪ್ರಾಯೋಜಕರ ಲಾಂಛನ. ನನ್ನ ಹೆಸರಿಲ್ಲ. ಸಂಘಟಕರಲ್ಲಿ ಹಿರಿಯರೊಬ್ಬರನ್ನು ಕೇಳಿದೆ. “ಜಾಗ ಸಾಲಲಿಲ್ಲಮ್ಮ. ನೀನೇ ಮಾಡಿದ್ದು ಅಂತ ನಮಗೆಲ್ಲ ಗೊತ್ತಲ್ಲ. ಕವಿತೆ ಜನಕ್ಕೆ ಮುಟ್ಟಿತೋ ಇಲ್ಲವೋ, ಅದು ಮುಖ್ಯ” ಎಂದರು. ಅವರದು ಕೆಟ್ಟ ಮನಸ್ಸಲ್ಲ. ಅದಕ್ಕೇ ಆ ಮಾತು ಇನ್ನೂ ಕೊರೆಯುತ್ತಿದೆ. ದೊಡ್ಡ ಉದ್ದೇಶವೊಂದು ಎದುರಿಗಿದ್ದಾಗ ಸಣ್ಣ ಹೆಸರುಗಳು ಬಿದ್ದುಹೋದರೆ ಪರವಾಗಿಲ್ಲ ಎಂಬ ನಂಬಿಕೆ ಒಳ್ಳೆಯವರಲ್ಲೇ ಗಟ್ಟಿಯಾಗಿ ಕೂತಿರುತ್ತದೆ.

ಚೀನಾ ಮತ್ತು ಜಪಾನಿನ ಕಲೆಯನ್ನು ಜಗತ್ತಿನ ದೊಡ್ಡ ಮ್ಯೂಸಿಯಂಗಳು ನಮಗೆ ತೋರಿಸುತ್ತ ಬಂದಿರುವುದು ಇದೇ ನಂಬಿಕೆಯ ಮೇಲೆ. ವಸ್ತು ಸುಂದರವಾಗಿದೆ, ನೋಡಿ ಆನಂದಿಸಿ. ಯಾರು ತಂದರು, ಹೇಗೆ ತಂದರು, ಅದಕ್ಕೆ ಏನು ಮಾಡಿದರು ಎಂಬುದೆಲ್ಲ ನಿಮಗೇಕೆ? ಈ ಮಾತನ್ನು ನಾವು ಒಪ್ಪಬಾರದು ಎನ್ನುವುದು ನನ್ನ ವಾದ. ಒಪ್ಪದಿರುವುದಕ್ಕೆ ಕಾರಣವನ್ನು ಆ ಕಲೆಯೇ ಕೊಡುತ್ತದೆ.

ಬ್ರಿಟಿಷ್ ಮ್ಯೂಸಿಯಂನಲ್ಲೇ ಇರುವ ಒಂದು ರೇಷ್ಮೆಯ ಚಿತ್ರಸುರುಳಿಯನ್ನು ನೋಡೋಣ. ಇಂಗ್ಲಿಷಿನಲ್ಲಿ ಅದನ್ನು ‘ಅಡ್ಮೊನಿಷನ್ಸ್ ಸ್ಕ್ರೋಲ್’ ಎನ್ನುತ್ತಾರೆ. ಅಂತಃಪುರದ ಹೆಂಗಸರು ಹೇಗೆ ನಡೆದುಕೊಳ್ಳಬೇಕು ಎಂದು ಮೂರನೆಯ ಶತಮಾನದ ಕೊನೆಯಲ್ಲಿ ಝಾಂಗ್ ಹುವಾ ಎಂಬ ಆಸ್ಥಾನಿಕ ಬರೆದ ಬುದ್ಧಿಮಾತುಗಳಿಗೆ ಬಿಡಿಸಿದ ಚಿತ್ರಗಳು ಅದರಲ್ಲಿವೆ. ಗು ಕೈಝಿ ಎಂಬ ಮಹಾ ಚಿತ್ರಕಾರನ ಹೆಸರಿಗೆ ಸಂದಿದ್ದರೂ ಈಗ ಉಳಿದಿರುವುದು ನಂತರದವರು ಮಾಡಿದ ಪ್ರತಿ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಉದ್ದ ಮೂರು ಮೀಟರಿಗೂ ಮಿಕ್ಕು. ಕೊನೆಯ ಚಿತ್ರದಲ್ಲಿ ಒಬ್ಬ ಹೆಂಗಸು ಕುಂಚ ಹಿಡಿದು ಬರೆಯುತ್ತ ನಿಂತಿದ್ದಾಳೆ.

ಇಂಥ ಸುರುಳಿಯನ್ನು ಗೋಡೆಗೆ ತೂಗುಹಾಕಿ ನೋಡುವುದಿಲ್ಲ. ಮೇಜಿನ ಮೇಲಿಟ್ಟು, ಎಡಗೈಯಿಂದ ಬಿಚ್ಚುತ್ತ, ಬಲಗೈಯಿಂದ ಸುತ್ತುತ್ತ, ಒಮ್ಮೆಗೆ ಒಂದು ತೋಳಿನಷ್ಟು ಅಗಲವನ್ನು ಬಲದಿಂದ ಎಡಕ್ಕೆ ಓದಬೇಕು. ಒಬ್ಬರೇ ಕೂತೋ, ಇಬ್ಬರು ಮೂವರು ಸ್ನೇಹಿತರೊಡನೆಯೋ. ಹಾಗೆ ಓದಿದವರು ಸುಮ್ಮನೆ ಎದ್ದು ಹೋಗುತ್ತಿರಲಿಲ್ಲ. ಸುರುಳಿ ಯಾರ ಬಳಿ ಇತ್ತೋ ಅವರು ತಮ್ಮ ಕೆಂಪು ಮುದ್ರೆ ಒತ್ತುತ್ತಿದ್ದರು. ನೋಡಿದವರು ಕೊನೆಗೆ ನಾಲ್ಕು ಮಾತು ಬರೆದು ಹೆಸರು ಹಾಕುತ್ತಿದ್ದರು. ಜಾಗ ಸಾಲದಿದ್ದರೆ ಕಾಗದವನ್ನೋ ರೇಷ್ಮೆಯನ್ನೋ ಸೇರಿಸಿ ಸುರುಳಿಯನ್ನೇ ಉದ್ದ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಈ ಸುರುಳಿ ಛಿಯೆನ್‌ಲೊಂಗ್ ಚಕ್ರವರ್ತಿಯ ಕೈಸೇರಿತು. ಆತ ಸಿಕ್ಕಲ್ಲೆಲ್ಲ ಮುದ್ರೆ ಒತ್ತಿದ, ಸಾಲದೆಂದು ತಾನೇ ಒಂದು ಆರ್ಕಿಡ್ ಗಿಡ ಬಿಡಿಸಿ ಸೇರಿಸಿದ. ಇಂದಿನ ಕಣ್ಣಿಗೆ ಇದು ಅಹಂಕಾರದಂತೆ ಕಾಣಬಹುದು. ಇರಲಿ. ಆದರೆ ಆತ ತನ್ನ ಕೈಯನ್ನು ಬಚ್ಚಿಡಲಿಲ್ಲ. “ಇದು ನನ್ನ ಬಳಿ ಇತ್ತು, ನಾನು ಇದಕ್ಕೆ ಇಷ್ಟು ಮಾಡಿದೆ” ಎಂದು ಎಲ್ಲರಿಗೂ ಕಾಣುವಂತೆ ಒಪ್ಪಿಕೊಂಡ.

ಈ ಸಾಲಿನಲ್ಲಿ ಮುಂದಿನ ಹೆಸರು ಕ್ಯಾಪ್ಟನ್ ಕ್ಲಾರೆನ್ಸ್ ಜಾನ್ಸನ್. ಆತ ಬ್ರಿಟಿಷ್ ಇಂಡಿಯಾ ಸೈನ್ಯದ 1ನೇ ಬೆಂಗಾಲ್ ಲಾನ್ಸರ್ಸ್ ಪಡೆಯ ಅಧಿಕಾರಿ. 1900ರಲ್ಲಿ ಬಾಕ್ಸರ್ ದಂಗೆಯನ್ನು ಅಡಗಿಸಲು ಎಂಟು ದೇಶಗಳ ಸೇನೆ ಬೀಜಿಂಗ್ ಹೊಕ್ಕು ನಗರವನ್ನು ಸುಲಿದಾಗ ಆತ ಚೀನಾದಲ್ಲಿದ್ದ. ಒಬ್ಬ ಕುಲೀನ ಹೆಂಗಸನ್ನು ಕಾಪಾಡಿದ್ದಕ್ಕೆ ಸುರುಳಿ ಉಡುಗೊರೆಯಾಗಿ ಬಂತೆಂಬ ಕಥೆ ಆತನ ಮನೆಯಲ್ಲಿ ಉಳಿದುಬಂದಿದೆ. ಅರಮನೆಯ ವಸ್ತು ಯುದ್ಧದ ವರ್ಷದಲ್ಲಿ ಸೈನ್ಯಾಧಿಕಾರಿಯ ಪೆಟ್ಟಿಗೆ ಸೇರಿದ್ದಕ್ಕೆ ಇಂಥ ಕಥೆಗಳು ಇರಲೇಬೇಕಲ್ಲ! ಲಂಡನ್ನಿಗೆ ಬಂದ ಜಾನ್ಸನ್ ಸುರುಳಿಯನ್ನು 1903ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಮಾರಿದ. ಬೆಲೆ 25 ಪೌಂಡ್.

ಆಮೇಲೆ ಮ್ಯೂಸಿಯಂ ಸುರುಳಿಯನ್ನು ಬಿಡಿಸಿತು. ಚಿತ್ರದ ಭಾಗವನ್ನು ನಂತರದವರು ಸೇರಿಸಿದ ಭಾಗಗಳಿಂದ ಬೇರ್ಪಡಿಸಿ, ಚಪ್ಪಟೆ ಹಲಗೆಗೆ ಕೂರಿಸಿತು. ಸುರುಳಿ ಸುರುಳಿಯಾಗಿ ಉಳಿಯಲಿಲ್ಲ, ಯುರೋಪಿನ ಗೋಡೆಚಿತ್ರದಂತಾಯಿತು. ಈಗ ಅದರ ನಾಜೂಕಿನ ಕಾರಣ ವರ್ಷದಲ್ಲಿ ಕೆಲವೇ ವಾರ ಮಂದ ಬೆಳಕಿನಲ್ಲಿ ತೋರಿಸುತ್ತಾರೆ. ನೂರಾರು ವರ್ಷಗಳಿಂದ ಪ್ರತಿಯೊಬ್ಬ ಒಡೆಯನೂ ತನ್ನ ಗುರುತನ್ನು ಸುರುಳಿಯ ಮೇಲೇ ಬಿಟ್ಟಿದ್ದ. ಎಲ್ಲರಿಗಿಂತ ಹೆಚ್ಚು ಅದರ ಆಕಾರವನ್ನು ಬದಲಿಸಿದ ಒಡೆಯ ಮಾತ್ರ ಗೋಡೆಯಾಗಿ, ಗಾಜಾಗಿ, ಬೆಳಕಾಗಿ ನಿಂತುಬಿಟ್ಟ. ಜಾನ್ಸನ್ ಹೆಸರು, 1903, ಖರೀದಿ ಇವೆಲ್ಲ ಮ್ಯೂಸಿಯಂನ ದಾಖಲೆಯಲ್ಲಿವೆ, ಹುಡುಕಿದವರಿಗೆ ಸಿಗುತ್ತವೆ. ಆದರೆ ‘ಖರೀದಿ’ ಎಂಬ ಒಂದು ಪದ 1900ರ ಬೀಜಿಂಗನ್ನು ಹೇಳುವುದಿಲ್ಲ. ಸಂಗ್ರಹ, ಖರೀದಿ, ಕೊಡುಗೆ: ಮ್ಯೂಸಿಯಂ ಭಾಷೆಯ ಈ ಮೂರು ಪದಗಳು ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುವ ಭಾಷೆ.

ಇಲ್ಲಿಗೆ ಬಂದಾಗ ನಮ್ಮವರಿಗೆ ಹುರುಪು ಬರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆಯಲ್ಲ, ನಾವೂ ಲೂಟಿಯಾದವರೇ, ಚೀನಾ ಮತ್ತು ನಾವು ಒಂದೇ ದೋಣಿಯಲ್ಲಿದ್ದೇವೆ ಎನ್ನುತ್ತೇವೆ. ಅರ್ಧ ಮಾತ್ರ ನಿಜ. ಬೆಂಗಾಲ್ ಲಾನ್ಸರ್ಸ್‌ನ ಅಧಿಕಾರಿಗಳು ಬಿಳಿಯರು, ಕುದುರೆ ಹತ್ತಿದ ಸವಾರರು ಭಾರತೀಯರು. ಬೀಜಿಂಗ್ ಹೊಕ್ಕ ಬ್ರಿಟಿಷ್ ದಂಡಿನಲ್ಲಿ ಸಿಖ್ಖರಿದ್ದರು, ರಜಪೂತರಿದ್ದರು. 7ನೇ ರಜಪೂತ ಪಡೆಯ ಸೈನಿಕ ಠಾಕುರ್ ಗದಾಧರ ಸಿಂಗ್ ಹಿಂದಿರುಗಿ ಬಂದು 1902ರಲ್ಲಿ ಹಿಂದಿಯಲ್ಲಿ ‘ಚೀನ್ ಮೇಂ ತೇರಹ ಮಾಸ್’ ಎಂಬ ಪುಸ್ತಕ ಪ್ರಕಟಿಸಿದ. ಚೀನಾದ ಜನರ ಸಂಕಟ ಕಂಡು ಮರುಗಿದ, ಕಣ್ಣೆದುರಿನ ಲೂಟಿಯನ್ನು ಬರೆದಿಟ್ಟ. ಬೀಜಿಂಗಿನ ಸ್ವರ್ಗ ದೇಗುಲದಿಂದ ತಂದ ಒಂದು ಗಂಟೆ ಭಾರತೀಯ ಸೇನೆಯ ಬಳಿಯೇ ಉಳಿದು, 1990ರ ದಶಕದಲ್ಲಿ ಚೀನಾಕ್ಕೆ ಮರಳಿತು. ಅದನ್ನು ಕೊಟ್ಟದ್ದು ಒಳ್ಳೆಯದಾಯಿತು. ಆದರೆ ಕೊಟ್ಟೆವು ಎಂದರೆ ಇಟ್ಟುಕೊಂಡಿದ್ದೆವು ಎಂದೂ ಅರ್ಥ.

ಜಪಾನಿನದು ಇನ್ನೂ ತೊಡಕಿನ ಕಥೆ. ಆ ಎಂಟು ದೇಶಗಳಲ್ಲಿ ಅದೂ ಒಂದು. ಛಿಂಗ್ ರಾಜಮನೆತನದ ಪ್ರಿನ್ಸ್ ಗೊಂಗ್ ಕುಟುಂಬದ ಕಲಾಸಂಗ್ರಹವನ್ನು 1912ರಲ್ಲಿ ಕೊಂಡು ಮರುವರ್ಷ ನ್ಯೂಯಾರ್ಕಿನಲ್ಲಿ ಹರಾಜು ಹಾಕಿದ್ದು ಯಾಮಾನಾಕಾ ಎಂಬ ಜಪಾನಿ ಕಂಪನಿ. ಅದೇ ಜಪಾನು ತನ್ನದನ್ನೂ ಕಳೆದುಕೊಂಡಿತ್ತು. 1868ರಲ್ಲಿ ಮೇಜಿ ಸರ್ಕಾರ ಶಿಂಟೋ ದೇವತೆಗಳನ್ನೂ ಬುದ್ಧನನ್ನೂ ಬೇರ್ಪಡಿಸುವ ಆಜ್ಞೆ ಹೊರಡಿಸಿದ ಮೇಲೆ ಬೌದ್ಧ ಮಂದಿರಗಳು ಬಡವಾದವು, ವಿಗ್ರಹಗಳು ಮಾರುಕಟ್ಟೆಗೆ ಬಂದವು. ಅದೇ ಕಾಲದಲ್ಲಿ ಫೆನೊಲೊಸಾ, ಬಿಗೆಲೊ ಮೊದಲಾದ ಅಮೆರಿಕನ್ನರು ರಾಶಿರಾಶಿಯಾಗಿ ಕೊಂಡರು. ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನ ಪ್ರಸಿದ್ಧ ಜಪಾನಿ ಸಂಗ್ರಹ ಬೆಳೆದದ್ದು ಹಾಗೆ. ಇದು ಲೂಟಿಯಲ್ಲ, ದುಡ್ಡು ಕೊಟ್ಟಿದ್ದಾರೆ. ಎರಡನ್ನೂ ಒಂದೇ ಎನ್ನುವುದು ಸೋಮಾರಿತನ. ಆದರೆ ಬರಗಾಲದಲ್ಲಿ ಜಮೀನು ಮಾರಿದವನ ಪತ್ರವೂ ಕಾನೂನಿನ ಪ್ರಕಾರ ಸರಿಯಾಗಿಯೇ ಇರುತ್ತದೆ. 1932ರಲ್ಲಿ ಕಿಬಿ ಎಂಬ ಮಂತ್ರಿಯ ಚೀನಾ ಯಾತ್ರೆಯನ್ನು ಹೇಳುವ ಪ್ರಾಚೀನ ಚಿತ್ರಸುರುಳಿಯನ್ನೂ ಬಾಸ್ಟನ್ ಕೊಂಡಾಗ ಜಪಾನಿನಲ್ಲಿ ಗದ್ದಲವೆದ್ದಿತು. ಮರುವರ್ಷವೇ ಅಂಥ ಕೃತಿಗಳು ದೇಶ ಬಿಡದಂತೆ ತಡೆಯುವ ಕಾನೂನು ಬಂತು. ಫಲಕದಲ್ಲಿ ಕೊಟ್ಟವರ, ಕೊಂಡವರ ಹೆಸರಷ್ಟೇ ಓದುವ ನೋಡುಗನಿಗೆ ಒಂದು ದೇಶದ ಕಾನೂನನ್ನು ಬದಲಿಸಿದ ವಸ್ತು ತನ್ನೆದುರಿಗಿದೆ ಎಂದು ಹೇಗೆ ಗೊತ್ತಾಗಬೇಕು? ಸುಲಿದವರು, ಸುಲಿಸಿಕೊಂಡವರು, ಮಾರಿದವರು ಎಲ್ಲರನ್ನೂ ‘ಪೂರ್ವ ಏಷ್ಯಾ’ ಎಂಬ ಒಂದೇ ಹೆಸರಿನ ಕೆಳಗೆ ಕೂರಿಸಿ ಮೇಲೆ ಮಂದ ಬೆಳಕು ಹಾಯಿಸಿದರೆ ನಮಗೆ ಕಾಣುವುದು ‘ಪೂರ್ವದ ಪ್ರಶಾಂತತೆ’. ಆ ಪ್ರಶಾಂತತೆಯಲ್ಲಿ ಒಂದು ಪಾಲು ಫಲಕಗಳ ಮೌನವೇ.

“ಅಲ್ಲಿ ಇದ್ದದ್ದರಿಂದಲೇ ಉಳಿಯಿತು. ಚೀನಾದಲ್ಲಿದ್ದಿದ್ದರೆ ಯುದ್ಧದಲ್ಲೋ ಸಾಂಸ್ಕೃತಿಕ ಕ್ರಾಂತಿಯಲ್ಲೋ ಸುಟ್ಟುಹೋಗುತ್ತಿತ್ತು.” ಇದು ನಾನು ಎಲ್ಲ ಚರ್ಚೆಯಲ್ಲೂ ಕೇಳುವ ಮಾತು. ಇದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಸಾಂಸ್ಕೃತಿಕ ಕ್ರಾಂತಿಯಲ್ಲಿ ನಾಶವಾದದ್ದು ಕಡಿಮೆಯಲ್ಲ. ಆದರೆ ಮೂರು ಸಂಗತಿಗಳನ್ನು ಇದರ ಪಕ್ಕದಲ್ಲಿಡಿ.

ಒಂದು, ಲೊಂಗ್‌ಮೆನ್ ಗುಹೆಗಳು. ಬಿನ್‌ಯಾಂಗ್ ಗುಹೆಯ ಗೋಡೆಯ ಮೇಲೆ ಆರನೆಯ ಶತಮಾನದ ಎರಡು ಉಬ್ಬುಶಿಲ್ಪಗಳಿದ್ದವು. ಒಂದರಲ್ಲಿ ಚಕ್ರವರ್ತಿಯ ಮೆರವಣಿಗೆ, ಇನ್ನೊಂದರಲ್ಲಿ ರಾಣಿಯ ಮೆರವಣಿಗೆ. 1930ರ ದಶಕದಲ್ಲಿ ಅವನ್ನು ಒಡೆದು ಚೂರುಗಳಾಗಿ ಸಾಗಿಸಿದರು. ಇಂದು ಚಕ್ರವರ್ತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, ರಾಣಿ ಕಾನ್ಸಾಸ್ ಸಿಟಿಯ ನೆಲ್ಸನ್-ಆಟ್ಕಿನ್ಸ್ ಮ್ಯೂಸಿಯಂನಲ್ಲಿ. ಗುಹೆಯಲ್ಲಿ ಉಳಿದಿರುವುದು ಉಳಿಯ ಗಾಯ. ಕೊಳ್ಳುವವರಿದ್ದರು, ಅದಕ್ಕೇ ಒಡೆದರು. ಇಲ್ಲಿ ಕಾಪಾಡಿದ್ದು ಏನನ್ನು?

ಎರಡು, ಬೀಜಿಂಗಿನ ಅರಮನೆ ಮ್ಯೂಸಿಯಂ. ಜಪಾನಿನ ಸೇನೆ ಹತ್ತಿರವಾಗುತ್ತಿದ್ದಂತೆ 1933ರಲ್ಲಿ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ಬೀಜಿಂಗಿನಿಂದ ದಕ್ಷಿಣಕ್ಕೆ ಹೊರಟವು. ರೈಲು, ಲಾರಿ, ದೋಣಿಗಳಲ್ಲಿ ವರ್ಷಗಟ್ಟಲೆ ಊರೂರು ಅಲೆದವು. ಬಾಂಬು ಬೀಳುತ್ತಿದ್ದ ದೇಶದಲ್ಲಿ ಅಲ್ಲಿನ ನೌಕರರು ಅವನ್ನು ಕಾಯ್ದರು. ಬಹುಪಾಲು ಸುರಕ್ಷಿತವಾಗಿ ಉಳಿದವು. ಅವುಗಳಲ್ಲಿ ಕೆಲವು ಇಂದು ತೈಪೆಯಲ್ಲಿವೆ, ಉಳಿದವು ಚೀನಾದಲ್ಲಿವೆ. ಕಾಪಾಡುವ ಬುದ್ಧಿ ಲಂಡನ್ನಿಗೆ ಮಾತ್ರ ಇತ್ತು ಎನ್ನುವವರು ಈ ಪೆಟ್ಟಿಗೆಗಳನ್ನು ಎಣಿಸಲಿ.

ಮೂರು, ಬ್ರಿಟಿಷ್ ಮ್ಯೂಸಿಯಂನದೇ ಕಥೆ. ವಾಂಗ್ ಜೊತೆ ರಾಜಿಯಾದ ಅದೇ 2023ರ ಆಗಸ್ಟ್‌ನಲ್ಲಿ, ತನ್ನ ಉಗ್ರಾಣದಿಂದ ವಸ್ತುಗಳು ಕಳವಾಗಿವೆ ಎಂದು ಮ್ಯೂಸಿಯಂ ಪ್ರಕಟಿಸಿತು. ಸಂಖ್ಯೆ ಸುಮಾರು 2000 ಎಂದು ಅಂದಾಜಾಯಿತು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಕಳವಾದವುಗಳಲ್ಲಿ ಎಷ್ಟೋ ವಸ್ತುಗಳು ಸರಿಯಾಗಿ ನೋಂದಣಿಯೇ ಆಗಿರಲಿಲ್ಲ. ಹೆಸರು ಬರೆದಿಡುವುದು ಅನಗತ್ಯ ರಗಳೆ ಎನ್ನುವವರು ಇದನ್ನು ನೆನಪಿಡಬೇಕು. ಹೆಸರಿಲ್ಲದ್ದು ಕಳೆದುಹೋದರೂ ತಿಳಿಯುವುದಿಲ್ಲ.

ಹಾಗಾದರೆ ಎಲ್ಲವನ್ನೂ ವಾಪಸು ಕೊಟ್ಟುಬಿಡಬೇಕೆ? ಕೆಲವನ್ನು ಕೊಡಲೇಬೇಕು ಎನ್ನುವವಳು ನಾನು. ಆದರೆ ಅದು ಒಂದೊಂದು ವಸ್ತುವಿನ ಕಥೆ ನೋಡಿ ತೀರ್ಮಾನಿಸಬೇಕಾದ ಸಂಗತಿ, ವರ್ಷಗಳು ಹಿಡಿಯುತ್ತವೆ. ನನ್ನ ಬೇಡಿಕೆಗೆ ಅಷ್ಟು ಕಾಯಬೇಕಾಗಿಲ್ಲ, ನಾಳೆ ಬೆಳಿಗ್ಗೆ ಮಾಡಬಹುದು. ಪ್ರತಿಯೊಂದು ಫಲಕದ ಮೇಲೂ ಮ್ಯೂಸಿಯಂ ತನ್ನ ಮುದ್ರೆ ಒತ್ತಲಿ. ವಸ್ತು ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ, ಯಾವ ಸಂದರ್ಭದಲ್ಲಿ, ಎಷ್ಟು ಬೆಲೆಗೆ ಬಂತು ಎಂದು ಬರೆಯಲಿ. ಬಂದ ಮೇಲೆ ಅದನ್ನು ಕತ್ತರಿಸಿದ್ದರೆ, ಬೇರ್ಪಡಿಸಿದ್ದರೆ ಅದನ್ನೂ ಬರೆಯಲಿ. ಅದರ ಮೇಲಿನ ಅಕ್ಷರಗಳನ್ನು ನಮ್ಮ ಭಾಷೆಗೆ ತಂದವರ ಹೆಸರು ಹಾಕಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಲಿ. ಜಾಗ ಸಾಲುವುದಿಲ್ಲವೇ? ಛಿಯೆನ್‌ಲೊಂಗನಿಗೆ ಸಾಲಿತು. ಸಾಲದಿದ್ದಾಗ ಸುರುಳಿಯನ್ನು ಉದ್ದ ಮಾಡುವ ಉಪಾಯ ಚೀನಾದವರಿಗೆ ಗೊತ್ತಿತ್ತು.

ಈ ಬೇಡಿಕೆಯನ್ನು ಲಂಡನ್ನಿಗೆ ಕಳಿಸುವ ಮುನ್ನ ದೆಹಲಿಗೆ ಕಳಿಸೋಣ. 1907ರಲ್ಲಿ ಔರೆಲ್ ಸ್ಟೈನ್ ಚೀನಾದ ದುನ್‌ಹುವಾಂಗ್ ಗುಹೆಗಳಿಗೆ ಹೋದ. ಅಲ್ಲಿನ ಕಾವಲುಗಾರ, ಸನ್ಯಾಸಿ ವಾಂಗ್ ಯುವಾನ್‌ಲು, ಮುಚ್ಚಿಟ್ಟಿದ್ದ ಗ್ರಂಥರಾಶಿಯನ್ನು ತೋರಿಸಲು ಹಿಂಜರಿದ. ಆಗ ಸ್ಟೈನ್ ಬಳಸಿಕೊಂಡದ್ದು ಹ್ಯೂಯೆನ್ ತ್ಸಾಂಗನ ಹೆಸರನ್ನು. ಇಮ್ಮಡಿ ಪುಲಕೇಶಿಯ ನಾಡಿನ ಬಗ್ಗೆ ಬರೆದನೆಂದು ನಾವು ಶಾಲೆಯಲ್ಲಿ ಓದಿದೆವಲ್ಲ, ಅವನೇ. ಭಾರತದಿಂದ ಗ್ರಂಥಗಳನ್ನು ಹೊತ್ತು ತಂದ ಆ ಯಾತ್ರಿಕನ ಹಾದಿಯಲ್ಲೇ ತಾನೂ ಬಂದಿದ್ದೇನೆ ಎಂದು ಸ್ಟೈನ್ ನಂಬಿಸಿದ. ಸುಮಾರು 130 ಪೌಂಡಿಗೆ ಸಾವಿರಾರು ಹಸ್ತಪ್ರತಿಗಳು, ರೇಷ್ಮೆ ಚಿತ್ರಗಳು ಹೊರಟವು. ಆ ಯಾತ್ರೆಯ ಖರ್ಚಿನಲ್ಲಿ ಐದರಲ್ಲಿ ಮೂರು ಪಾಲು ಭಾರತ ಸರ್ಕಾರದ್ದು, ಎರಡು ಪಾಲು ಬ್ರಿಟಿಷ್ ಮ್ಯೂಸಿಯಂನದು. ಅದಕ್ಕೇ ಸ್ಟೈನ್ ತಂದದ್ದರಲ್ಲಿ ಒಂದು ದೊಡ್ಡ ಪಾಲು ಇಂದು ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಭಾರತ ಸರ್ಕಾರದ ದುಡ್ಡೆಂದರೆ ಇಲ್ಲಿನ ರೈತ ಕಟ್ಟಿದ ಕಂದಾಯ. ಕೇಳದೆಯೇ ನಮ್ಮನ್ನು ಪಾಲುದಾರರನ್ನಾಗಿ ಮಾಡಿದರು ಎನ್ನುವುದು ನಿಜ. ಆದರೆ ಪಾಲು ನಮ್ಮ ಮನೆಯಲ್ಲೇ ಇದೆ. ಲಂಡನ್ನಿನ ಫಲಕದಲ್ಲಿ ಏನಿರಬೇಕೆಂದು ಕೇಳುತ್ತೇವೋ ಅದು ದೆಹಲಿಯ ಫಲಕದಲ್ಲೂ ದಪ್ಪ ಅಕ್ಷರಗಳಲ್ಲಿ ಇರಬೇಕು. ಆಗಲೇ ಟಿಪ್ಪುವಿನ ಹುಲಿಯ ಬಗ್ಗೆ ನಾವಾಡುವ ಮಾತಿಗೆ ತೂಕ.

ಇದೇನು ಪಶ್ಚಿಮದ ವಿಶ್ವವಿದ್ಯಾಲಯಗಳಿಂದ ಕಲಿತು ಬಂದ ಹೊಸ ತಕರಾರು ಎಂದು ಮೂಗು ಮುರಿಯುವವರು ಬೇಲೂರಿಗೆ ಹೋಗಿ ಬರಲಿ. ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಶಾಸನ ಓದಿದವರಿಗೆ ಗೊತ್ತು: ದಾನ ಕೊಟ್ಟ ಅರಸನ ಹೊಗಳಿಕೆ ಮುಗಿದ ಮೇಲೆ ಎಷ್ಟೋ ಕಡೆ ಬರೆದವನ ಹೆಸರು, ಕಂಡರಿಸಿದವನ ಹೆಸರು ಬರುತ್ತದೆ. ಓಲೆಗರಿಯ ಪ್ರತಿಕಾರ ಕೊನೆಯ ಗರಿಯಲ್ಲಿ ತನ್ನ ಹೆಸರು ಬರೆದು, ತಪ್ಪಿದ್ದರೆ ತಿದ್ದಿ ಓದಿ ಎಂದು ಕೈಮುಗಿಯುತ್ತಿದ್ದ. ಯಾರ ಕೈ ಆಡಿತೋ ಅವರ ಹೆಸರು ಹೇಳುವುದು ಚೀನಾದ ಸುರುಳಿಗೂ ಗೊತ್ತಿದ್ದ ಮರ್ಯಾದೆ, ನಮ್ಮ ಕಲ್ಲಿಗೂ ಗೊತ್ತಿದ್ದ ಮರ್ಯಾದೆ. ಅದನ್ನು ಬಿಟ್ಟಿರುವುದು ಗಾಜಿನ ಪೆಟ್ಟಿಗೆಯವರು, ಮತ್ತು ಜಾಗ ಸಾಲಲಿಲ್ಲಮ್ಮ ಎನ್ನುವ ನಾವು.

ಮುಂದಿನ ಸಲ ನೀವು ಯಾವುದೇ ಮ್ಯೂಸಿಯಂಗೆ ಹೋದಾಗ, ಅದು ಬೆಂಗಳೂರಿನದಿರಲಿ, ದೆಹಲಿಯದಿರಲಿ, ಲಂಡನ್ನಿನದಿರಲಿ, ವಸ್ತುವನ್ನು ಮನದಣಿಯೆ ನೋಡಿ. ನೋಡಬೇಡಿ ಎಂದು ನಾನು ಹೇಳಲಾರೆ, ನನಗೂ ಆ ಸುರುಳಿಯನ್ನು ಒಮ್ಮೆ ಕಣ್ಣಾರೆ ನೋಡುವ ಆಸೆಯಿದೆ. ನೋಡಿದ ಮೇಲೆ ಫಲಕವನ್ನು ಓದಿ, ಅದರಲ್ಲಿ ಯಾರ ಹೆಸರು ಬಿಟ್ಟಿದ್ದಾರೆ ಎಂದು ಲೆಕ್ಕ ಹಾಕಿ. ಹೊರಗೆ ಬರುವಾಗ ಬಾಗಿಲ ಬಳಿ ಸಂದರ್ಶಕರ ಪುಸ್ತಕವಿದ್ದರೆ ‘ತುಂಬಾ ಚೆನ್ನಾಗಿದೆ’ ಎಂದಷ್ಟೇ ಬರೆದು ಬರಬೇಡಿ. ನಿಮ್ಮ ಹೆಸರು ಬರೆಯಿರಿ, ಕೆಳಗೆ ಎರಡು ಪ್ರಶ್ನೆ ಬರೆಯಿರಿ: ಇದನ್ನು ಇಲ್ಲಿಗೆ ತಂದವರು ಯಾರು? ಇದನ್ನು ನನಗೆ ಅರ್ಥವಾಗುವ ಭಾಷೆಗೆ ತಂದವರು ಯಾರು?